ಭೂಮಿಗೆ ಪ್ರದಕ್ಷಿಣೆ

ಜರಗನಹಳ್ಳಿಯ ಈಶ್ವರಮ್ಮನವರ ಮನೆಯ ಗೇಟಿನೊಳಗೆ ಒಂದೇ ಗಾಡಿಗೆ ಜಾಗವಿತ್ತು, ಬಾಡಿಗೆದಾರರು ಇಬ್ಬರಿದ್ದರು. ಮೊದಲ ಮಹಡಿಯ ಚಿದಾನಂದರು ಬೀದಿಯಲ್ಲಿ ನಿಲ್ಲಿಸುತ್ತಿದ್ದ ಸ್ಕೂಟರಿನ ಸೀಟನ್ನು ನಾಯಿಗಳು ಮೂರನೇ ಸಲ ಹರಿದುಹಾಕಿದ್ದವು. ಮಗಳು ಶಿಲ್ಪಶ್ರೀ ಗೋಣಿಚೀಲದ ಮೇಲೆ ಕೂತು ಶಾಲೆಗೆ ಹೋಗುತ್ತಿದ್ದಳು.

"ಚೀಟಿ ಎತ್ತೋಣ ಸಾರ್" ಎಂದ ಎರಡನೇ ಮಹಡಿಯ ದೀಪಕ್.

ಚಿದಾನಂದರು ಒಪ್ಪಲಿಲ್ಲ. ಮಗಳ ಜೊತೆ ಆರು ತಿಂಗಳಿಂದ ಆಡಿ ಪಳಗಿದ್ದ ರಾಕೆಟ್ ಆಟದ ಬೋರ್ಡು ತಂದು, "ಬುದ್ಧಿಯಿಂದ ತೀರ್ಮಾನ ಆಗ್ಲಿ" ಎಂದರು. ಭಾನುವಾರ ಬೆಳಿಗ್ಗೆ, ಈಶ್ವರಮ್ಮನವರ ಹಜಾರದಲ್ಲೇ ಪಂದ್ಯ.

ಬೋರ್ಡಿನ ನಡುವೆ ಭೂಮಿ, ಸುತ್ತ ಕಕ್ಷೆಗಳು. ಮೇಲಿನ ಕಕ್ಷೆಯ ನಿಲ್ದಾಣವನ್ನು ಮೊದಲು ಸೇರಿದವರಿಗೆ ಜಾಗ. ಭೂಮಿ ತಿರುಗುವ ಕಡೆಗೇ ಹಾರಿದರೆ ಅದರ ವೇಗವೂ ರಾಕೆಟ್ಟಿಗೆ ಸೇರಿ, ಒಂದು ಬಿಲ್ಲೆ ಇಂಧನ ಸಾಕು. ಎದುರು ದಿಕ್ಕಿಗೆ ಹಾರಿದರೆ ನಾಲ್ಕು, ಅಂದರೆ ಒಬ್ಬೊಬ್ಬರಿಗೆ ಕೊಟ್ಟಿರುವಷ್ಟೂ. ಬೋರ್ಡಿನಲ್ಲಿ ಭೂಮಿ ತಿರುಗುವುದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಚಿದಾನಂದರು ಧೈರ್ಯವಾಗಿ ಹಾಗೇ ಹೊರಟರು.

"ಅಯ್ಯಯ್ಯೋ, ನಿಲ್ಸಿ! ಭೂಮ್ತಾಯಿಗೆ ಅಪ್ರದಕ್ಷಿಣೆ ಹಾಕ್ತೀರಾ? ನಮ್ಮನೇಲಿ?" ಎಂದು ಕೂಗಿದರು ಈಶ್ವರಮ್ಮ.

"ಅಮ್ಮಾ, ಇದು ಸೈನ್ಸು..."

"ಯಾವ್ದಾದ್ರೂ ಇರ್ಲಿ. ಗುಡೀಲಿ ಹೆಂಗೆ ಸುತ್ತೀರೋ ಹಂಗೆ ಸುತ್ತಿ."

ಮನೆಯೂ ಅವರದು, ಗೇಟೂ ಅವರದು. ಚಿದಾನಂದರು ತಿಥಿ ಊಟಕ್ಕೆ ಕೂತವರ ಮುಖ ಮಾಡಿ ರಾಕೆಟ್ಟನ್ನು ಬಲಕ್ಕೆ ತಿರುಗಿಸಿದರು.

"ಅಪ್ಪಾ, ನಾಕೂ ಬಿಲ್ಲೆ ಹೋಯ್ತು. ಇನ್ನು ನಿಲ್ಸೋಕೂ ಇಂಧನ ಇಲ್ಲ!" ಎಂದಳು ಶಿಲ್ಪಶ್ರೀ.

"ನಾನು ಬೋರ್ಡಲ್ಲಿರೋ ಥರಾನೇ ಹೋಗ್ತೀನಿ ಆಂಟಿ. ನನ್ ಪಾಪ ನಂಗಿರ್ಲಿ" ಎಂದ ದೀಪಕ್.

ಅವನ ರಾಕೆಟ್ ಸರಾಗವಾಗಿ ಮೇಲಿನ ಕಕ್ಷೆಗೆ ಏರಿತು. ನಿಲ್ದಾಣಕ್ಕೆ ಇನ್ನೊಂದೇ ಹೆಜ್ಜೆ ಬಾಕಿ. ಆಗ ಎದುರಿನಿಂದ ಚಿದಾನಂದರ ರಾಕೆಟ್, ಒನ್‌ವೇಯಲ್ಲಿ ನುಗ್ಗಿದ ನೀರಿನ ಟ್ಯಾಂಕರಿನಂತೆ ಬಂದು ಗುದ್ದಿತು. ನಿಯಮದ ಪ್ರಕಾರ ಎರಡೂ ಭಸ್ಮ.

"ಸಖತ್ತಾಗ್ ಮುಳುಗಿಸಿದ್ರಿ ಸಾರ್, ನನ್ನೂ ಸೇರಿಸಿ" ಎಂದ ದೀಪಕ್.

ಆದರೆ ಈಶ್ವರಮ್ಮನವರ ಕಣ್ಣು ತುಂಬಿತ್ತು. "ಭಸ್ಮ ಆದ್ರೂ ಪ್ರದಕ್ಷಿಣೆ ಬಿಡ್ಲಿಲ್ಲ ನೋಡಪ್ಪ ಇವ್ರು. ಆ ಜಾಗ ಯಾರಿಗೆ ಸೇರ್ಬೇಕು ಅಂತ ನಂಗೀಗ ಗೊತ್ತಾಯ್ತು."

ಚಿದಾನಂದರು ವಿನಯದಿಂದ ತಲೆ ತಗ್ಗಿಸಿ, ಜೇಬಿನಲ್ಲಿದ್ದ ಕೀ ಮುಟ್ಟಿಕೊಂಡರು.

"ತುಳ್ಸಮ್ಮಂಗೆ" ಎಂದರು ಈಶ್ವರಮ್ಮ. "ಅಲ್ಲೇ ಕಟ್ಟೆ ಕಟ್ಟಿಸ್ತೀನಿ. ಸುತ್ತೋಕೆ ನಾಕೂ ಕಡೆ ಜಾಗ ಬೇಕು, ಇನ್ಮೇಲೆ ಯಾರ್ ಗಾಡೀನೂ ಒಳಗೆ ಬೇಡ. ದಿನಾ ಮೊದಲನೇ ಸುತ್ತು ಮಾತ್ರ ನಿಮ್ದೇ, ಚಿದಾನಂದಪ್ಪ. ಬೆಳಿಗ್ಗೆ ಐದಕ್ಕೆಲ್ಲ ಸ್ನಾನ ಮಾಡ್ಕೊಂಡು ಬಂದ್ಬಿಡಿ."