ಷಡ್ಡಕನ ಪಾಸ್‌ಪೋರ್ಟು, ನನ್ನ ಹೊಟ್ಟೆಕಿಚ್ಚು

ಒಂದೇ ಮನೆಗೆ ಇಬ್ಬರು ಅಳಿಯಂದಿರಾಗಿ, ಅವರಲ್ಲಿ ಕಿರಿಯವನು ಗಲ್ಫಿಗೆ ಹೋದನೆಂದರೆ ಹಿರಿಯವನ ಬಾಳಿನಲ್ಲಿ ಇಂಥ ಪ್ರಸಂಗಗಳಿಗೆ ಬರವಿರುವುದಿಲ್ಲ. ಹಿರಿಯವನು ನಾನು. ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕರಗಿದ ಕಬ್ಬಿಣವನ್ನು ಅಚ್ಚಿಗೆ ಹೊಯ್ಯುವುದು ನನ್ನ ಕೆಲಸ. ಕಿರಿಯವನು ನನ್ನ ಹೆಂಡತಿಯ ತಂಗಿಯ ಗಂಡ, ವೆಲ್ಡರ್. ಮಾವನ ಮನೆ ಖಾನಾಪುರದಲ್ಲಿದೆ. ನನ್ನ ಹೊಟ್ಟೆಕಿಚ್ಚು ಎರಡೂ ಊರಿನ ನಡುವೆ ಓಡಾಡಿಕೊಂಡಿದೆ.

ಜಗಲಿ ಮೇಲಿನ ಅಗ್ರಿಮೆಂಟು

ಷಡ್ಡಕ ಹೊರಡುವ ಮೊದಲು ಅವನ ಅಗ್ರಿಮೆಂಟಿನ ಒಂದು ನಕಲನ್ನು ಮಾವನವರು ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿದರು. ಅಂದಿನಿಂದ ಚಹಾಕ್ಕೆ ಬಂದವರಿಗೆಲ್ಲ ಅದರ ಪಾರಾಯಣ.

“ದಿನಕ್ಕ ಎಂಟ ತಾಸ ಕೆಲಸ. ವಾರಕ್ಕ ಒಂದ ಸೂಟಿ. ಇರಾಕ ಖೋಲಿ, ಊಟಾ ಕಂಪನೀದು. ಎರಡ ವರ್ಷಕ್ಕೊಮ್ಮೆ ಊರಿಗೆ ಬರಾಕ ವಿಮಾನದ ಟಿಕೇಟ. ಸಹಿ, ಸಿಕ್ಕಾ ಎಲ್ಲಾ ಐತ್ರಿ.”

ವಿಮಾನದ ಟಿಕೇಟು ಅಂದಾಗಲೆಲ್ಲ ನನ್ನ ಕರುಳಿಗೆ ಯಾರೋ ಸೀಮೆಎಣ್ಣೆ ಸುರಿದಂತಾಗುತ್ತಿತ್ತು. ಒಂದು ದಿನ ಪಾರಾಯಣ ಮುಗಿಸಿ ಮಾವನವರು ನನ್ನ ಕಡೆ ತಿರುಗಿದರು.

“ಅಳಿಯಂದ್ರ, ನಿಮ್ಮ ಅಗ್ರಿಮೆಂಟ ಒಮ್ಮೆರ ತೋರಸಲೇ ಇಲ್ಲಲ್ರಿ?”

ಕೆಲಸಕ್ಕೆ ಸೇರಿದ ದಿನ ನಮ್ಮ ಮಾಲಕರು ನನ್ನನ್ನು ಮೇಲಿಂದ ಕೆಳಗೆ ನೋಡಿ “ನಾಳಿಂದ ಬಾ” ಅಂದಿದ್ದರು. ನನ್ನ ಅಗ್ರಿಮೆಂಟು ಅಷ್ಟೇ. ಅದನ್ನೇ ಹೇಳಿದೆ.

“ಮತ್ತ ಒಂದಿನಾ ‘ನಾಳಿಂದ ಬರಬ್ಯಾಡ’ ಅಂದ್ರ?”

“ಅಗ್ರಿಮೆಂಟ ಮುಗೀತಂತ ತಿಳಕೊಳ್ಳೋದ್ರಿ, ಮಾವಾರ.”

ಆ ದಿನ ಅತ್ತೆಯವರು ನನ್ನ ಹೋಳಿಗೆಗೆ ತುಪ್ಪ ಕಡಿಮೆ ಹಾಕಿದರು.

ನೆರಳಿನ ಕಾನೂನು

ಒಂದು ಮಧ್ಯಾಹ್ನ ಭಟ್ಟಿಯ ಮುಂದೆ ಬೇಯುತ್ತಿದ್ದಾಗ ಷಡ್ಡಕನ ವಿಡಿಯೋ ಕಾಲ್ ಬಂತು. ಏಸಿ ಕೆಳಗೆ ಚಾದರ ಹೊದ್ದು ಮಲಗಿದ್ದ.

“ಯಾಕೋ, ಆರಾಮಿಲ್ಲೇನು?” ಎಂದು ಸ್ವಲ್ಪ ಆಸೆಯಿಂದಲೇ ಕೇಳಿದೆ.

“ಆರಾಮ ಅದೀನ್ರಿ ಅಣ್ಣಾರ. ಇಲ್ಲಿ ಬ್ಯಾಸಗ್ಯಾಗ ನಡು ಮಧ್ಯಾಹ್ನ ಹೊರಗ ಕೆಲಸಾ ಮಾಡಸಂಗಿಲ್ಲ. ಸರ್ಕಾರದ ಕಾನೂನ ಐತಿ.”

ನಾನು ಫೋನನ್ನು ಹಾಗೇ ಹಿಡಿದುಕೊಂಡು ನಮ್ಮ ಸೂಪರ್‌ವೈಸರ್ ಮುಂದೆ ಹೋಗಿ ನಿಂತೆ. “ನೋಡ್ರಿ ಸರ್, ಅಲ್ಲಿ ಬಿಸಲಾಗ ಕೆಲಸ ಬಂದ್ ಮಾಡ್ಯಾರ. ನಮಗೂ ಏನರ ಮಾಡ್ರಿ.”

ಸೂಪರ್‌ವೈಸರ್ ಷಡ್ಡಕನ ಚಾದರವನ್ನು ನೋಡಿದರು. ಭಟ್ಟಿಯನ್ನು ನೋಡಿದರು. ಬಳಿಕ ತಲೆ ಎತ್ತಿ ಮೇಲಿನ ತಗಡನ್ನು ತೋರಿಸಿದರು.

“ಅದು ಬಿಸಲಾಗ ದುಡಿಯೋರಿಗೆ ಮಾರಾಯ. ನೀ ನೆರಳಾಗ ಅದಿಯಲ್ಲೋ!”

ಕುಂದಾ ತಗೊಂಡು ಸಮಾಧಾನ

ಷಡ್ಡಕ ಹೋದಾಗ ನಾದಿನಿ ಬಸುರಿ. ಹುಟ್ಟಿದ ಮಗಳನ್ನು ಅವನು ಫೋನಿನಲ್ಲಷ್ಟೇ ನೋಡಿದ್ದ. ಅವನ ರಜೆ ನೋಡಿಕೊಂಡೇ ಮಗುವಿನ ಜವಳಕ್ಕೆ, ಅಂದರೆ ಮೊದಲ ಕೂದಲು ತೆಗೆಸುವ ಶಾಸ್ತ್ರಕ್ಕೆ, ದಿನ ಗೊತ್ತು ಮಾಡಿದ್ದರು. ಅಷ್ಟರಲ್ಲಿ ಸುದ್ದಿ ಬಂತು. ಅಲ್ಲಿನ ಮಾಲಕ ಇವನ ಪಾಸ್‌ಪೋರ್ಟನ್ನು “ಕಳೆದೀತು, ನನ್ನ ಕಡೆ ಇರಲಿ” ಎಂದು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದಾನೆ. ಕೇಳಿದರೆ, ಕೆಲಸ ಬಹಳ ಇದೆ, ಆಮೇಲೆ ನೋಡೋಣ ಅನ್ನುತ್ತಾನಂತೆ.

ಸುಳ್ಳು ಯಾಕೆ ಹೇಳಲಿ, ನನಗೆ ಹಬ್ಬವಾಯಿತು. ಹೆಂಡತಿಯನ್ನು ಕರೆದುಕೊಂಡು, ಸಮಾಧಾನ ಹೇಳುವವನು ಬರಿಗೈಯಲ್ಲಿ ಹೋಗಬಾರದೆಂದು ಕುಂದಾ ಕಟ್ಟಿಸಿಕೊಂಡು ಖಾನಾಪುರಕ್ಕೆ ಹೋದೆ. ಮನೆ ತುಂಬ ಜನರಿದ್ದರು. ನಡುವೆ ನಿಂತು ಭಾಷಣ ಬಿಟ್ಟೆ.

“ಇನ್ನೊಬ್ಬರ ಕಾಗದಾ ಕಪಾಟಿನ್ಯಾಗ ಇಟ್ಟು ಕೀಲಿ ಹಾಕೋದಂದ್ರ ಏನ್ರಿ? ಗುಲಾಮಗಿರಿ! ಕೈ ಕಾಲು ಕಟ್ಟಿ ಹಾಕಿಧಂಗ! ಅಂಥಾ ಅಗ್ರಿಮೆಂಟಿಗೆ ವಿಭೂತಿ ಬ್ಯಾರೆ!”

ಎಲ್ಲರೂ ತಲೆದೂಗಿದರು. ನನ್ನ ಹೆಂಡತಿಯೂ ಬಾಗಿಲಲ್ಲಿ ನಿಂತು ಕೇಳಿದಳು. ನಾದಿನಿ ಮಾತ್ರ ಮಗುವನ್ನು ಅವುಚಿಕೊಂಡು ಅತ್ತುಬಿಟ್ಟಳು. ಅದನ್ನು ನೋಡಿ ಭಾಷಣ ಅಲ್ಲಿಗೇ ನಿಲ್ಲಿಸಿದೆ. ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ದರ್ಜಿ ಅಂಗಡಿ ಇಟ್ಟಿರುವ ಚಾಚಾ ಹಿಂದೆ ಗಲ್ಫಿನಲ್ಲಿ ದುಡಿದು ಬಂದವರು. ಮಾವನವರನ್ನು ಅವರ ಹತ್ತಿರ ಕರೆದುಕೊಂಡು ಹೋದೆ. “ಏನೂ ಮಾಡಾಕ ಬರಂಗಿಲ್ಲ” ಅಂತಾರೆ ಅನ್ನೋ ಧೈರ್ಯವೂ ಒಳಗೊಳಗೆ ಇತ್ತು.

ಚಾಚಾ ಹೊಲಿಗೆ ನಿಲ್ಲಿಸಿ, “ಫಿಕರ್ ಮಾಡಬ್ಯಾಡ್ರಿ. ಪಾಸ್‌ಪೋರ್ಟ ದುಡಿಯೋ ಮನಷ್ಯಾಂದು. ಮಾಲಕ ಇಟಗೊಳ್ಳಾಕ ಬರಂಗಿಲ್ಲ. ಅಗ್ರಿಮೆಂಟ ತಗೊಂಡು ಅಲ್ಲಿರೋ ನಮ್ಮ ದೇಶದ ದೂತಾವಾಸಕ್ಕ ಹೋಗಾಕ ಹೇಳ್ರಿ,” ಅಂದರು.

ಷಡ್ಡಕ ಹೋದ. ದೂತಾವಾಸದವರು ವಿಚಾರಿಸಿದರು. ಪಾಸ್‌ಪೋರ್ಟೂ ಬಂತು, ರಜೆಯೂ ಬಂತು, ಟಿಕೇಟೂ ಬಂತು. ಮಾವನವರು ಬಂದವರಿಗೆಲ್ಲ ಸಿಹಿ ಹಂಚಿದರಂತೆ. ಹಂಚಿದ್ದು ನಾನು ಒಯ್ದ ಕುಂದಾ.

ಕಪಾಟಿನ ಕೀಲಿ

ಜವಳಕ್ಕೆ ಇನ್ನೂ ಒಂದು ವಾರವಿತ್ತು. ಬೆಳಿಗ್ಗೆ ನಾನು ಡ್ಯೂಟಿಗೆ ಹೊರಟಾಗ ಹೆಂಡತಿ ಬಾಗಿಲಲ್ಲಿ ಕೈ ಚಾಚಿ ನಿಂತಳು.

“ಕಪಾಟಿನ ಕೀಲಿ ಕೊಡ್ರಿ.”

“ಯಾಕ?”

“ನನ್ನ ಆಧಾರ್ ಕಾರ್ಡ ಬೇಕು.”

ವಿಷಯ ಇಷ್ಟೇ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗಿನಿಂದ ಆಧಾರ್ ತೋರಿಸಿದರೆ ಸಾಕು, ಅವಳು ಖಾನಾಪುರಕ್ಕೆ ಹೋಗಬಹುದು. ಅದಕ್ಕೇ ನಾನು “ಕಳೆದೀತು, ನನ್ನ ಕಡೆ ಇರಲಿ” ಎಂದು ಕಾರ್ಡನ್ನು ಕಪಾಟಿನಲ್ಲಿಟ್ಟಿದ್ದೆ.

“ಒಂದ ವಾರ ಮೊದಲ ಹೋಗಿ ಏನ ಮಾಡ್ತಿ? ಇಲ್ಲಿ ಕೆಲಸ ಬಾಳ ಐತಿ. ಆಮ್ಯಾಲ ನೋಡೂಣು.”

“ಇನ್ನೊಬ್ಬರ ಕಾಗದಾ ಕಪಾಟಿನ್ಯಾಗ ಇಡೋದು ಗುಲಾಮಗಿರಿ ಅಂತ ನಮ್ಮಪ್ಪನ ಮುಂದ ಹೇಳಿದವರು ಯಾರ್ರಿ?”

“ಅದು ಊರು ಬಿಟ್ಟು ದುಡಿಯಾಕ ಹೋದವರ ಮಾತು!”

“ನಾನೇನು ಇದ ಮನ್ಯಾಗ ಹುಟ್ಟೀನೇನು? ನಾನೂ ಊರು ಬಿಟ್ಟ ದುಡಿಯಾಕ ಬಂದಾಕಿನ. ವಾರಕ್ಕೊಂದ ಸೂಟಿನೂ ಇಲ್ಲ.”

ಕೀಲಿ ಕೊಟ್ಟೆ. ಅವಳು ಚೀಲ ಮೊದಲೇ ತುಂಬಿಟ್ಟಿದ್ದಳು.

“ಟಿಕೇಟಿನ ಕಾಳಜಿ ಮಾಡಬ್ಯಾಡ್ರಿ,” ಎಂದು ಮೆಟ್ಟಿಲಿಳಿಯುತ್ತ ಹೇಳಿದಳು. “ಅದನ್ನ ಸರ್ಕಾರ ಕೊಟ್ಟೈತಿ. ರಜಾ ನಾನ ತಗೊಂಡೀನಿ.”

ಹಾಕಿಟ್ಟ ಎಲೆ

ಜವಳದ ದಿನ ನನಗೆ ರಜೆ ಸಿಗಲಿಲ್ಲ. “ಯಾರ ಮಗಳ ಜವಳ? ನಿನ್ನ ಮಗಳದೇನು?” ಅಂದರು ಸೂಪರ್‌ವೈಸರ್. ಅಲ್ಲ ಅಂದೆ. “ಹಂಗಾರ ನಡಿ, ಭಟ್ಟಿ ಕಾದೈತಿ,” ಅಂದರು.

ಷಡ್ಡಕ ಸಮುದ್ರ ದಾಟಿ ಬಂದಿದ್ದ. ನನ್ನ ಹೆಂಡತಿ ಪುಕ್ಕಟೆ ಬಸ್ಸಿನಲ್ಲಿ ಹೋಗಿ ಕೂತಿದ್ದಳು. ತಾಸೊಂದರ ದಾರಿಯಲ್ಲಿದ್ದ ನಾನೊಬ್ಬನೇ ಹೋಗಲಾರದೆ ಉಳಿದವನು. ಮೊದಲು ಒಬ್ಬನ ಮೇಲಿದ್ದ ಹೊಟ್ಟೆಕಿಚ್ಚು ಈಗ ಇಬ್ಬರ ಮೇಲಾಯಿತು.

ಊಟದ ಹೊತ್ತಿಗೆ ವಿಡಿಯೋ ಕಾಲ್ ಬಂತು. ಬೋಳು ತಲೆಯ ಮಗು ಅಪ್ಪನ ಎದೆಗೆ ಅಂಟಿಕೊಂಡಿತ್ತು. ಅವನನ್ನು ಬಿಟ್ಟು ಯಾರ ಕಡೆಯೂ ಹೋಗುತ್ತಿಲ್ಲವಂತೆ. “ಅಣ್ಣಾರ, ನಿಮಗಂತ ಎಲಿ ಹಾಕಿಟ್ಟೀವ್ರಿ,” ಎಂದು ಷಡ್ಡಕ ಹೋಳಿಗೆ ತೋರಿಸಿದ. ಈ ಸಲ ಅದರ ಮೇಲೆ ತುಪ್ಪ ಹರಿಯುತ್ತಿತ್ತು.

“ಸೂಟಿ ಕೊಡಲಿಲ್ಲೋ ತಮ್ಮಾ,” ಅಂದೆ.

ಅಷ್ಟರಲ್ಲಿ ಮಾವನವರು ಫೋನು ಕಸಿದುಕೊಂಡರು. ಮುಖದಲ್ಲಿ ನಿಜವಾದ ಗಾಬರಿಯಿತ್ತು.

“ಅಳಿಯಂದ್ರ, ಖರೇ ಹೇಳ್ರಿ. ನಿಮ್ಮ ಮಾಲಕನೂ ಏನರ ಕಾಗದಾ ಇಟಗೊಂಡಾನೇನು? ಅಂಜಬ್ಯಾಡ್ರಿ. ಉದ್ಯಮಬಾಗಕ್ಕ ಯಾವ ದೂತಾವಾಸ ಬರತೈತಿ ಅಂತ ಚಾಚಾನ್ನ ಕೇಳತೀನಿ!”