ಸೀಟು ಹಿಡಿದ ಚೀಲ

"ಅಲ್ಲೋ ನವೀದ, ನಿನ್ನ ಚೀಲ ಇಳಕಲ್ಲಿಗೆ ಹೋತು, ನೀ ಇನ್ನೂ ಇಲ್ಲೇ ನಿಂತೀ?"

ಹುನಗುಂದ ಬಸ್‌ಸ್ಟ್ಯಾಂಡಿನಲ್ಲಿ ಟೈಂಪಾಸ್ ಶೇಂಗಾ ಮಾರುವ ಶಿವಬಸವ್ವ ಹಾಗೆಂದಾಗ ನವೀದನ ಎದೆ ಅವರಪ್ಪನ ಹೊಲಿಗೆ ಮಷೀನಿನಂತೆ ಬಡಿದುಕೊಂಡಿತು. ಸೀಟು ಹಿಡಿಯಲೆಂದು ಎಂದಿನಂತೆ ಕಿಟಕಿಯೊಳಗೆ ಚೀಲ ಎಸೆದಿದ್ದ. ಚೀಲಕ್ಕೆ ಸೀಟು ಸಿಕ್ಕಿತು. ಬಾಗಿಲ ನೂಕಾಟದಲ್ಲಿ ಅವನು ಕೆಳಗೇ ಉಳಿದ.

ಚೀಲದಲ್ಲಿ ಬಸ್ ಪಾಸಿತ್ತು. ಹೋದರೆ ಹೋಗಲಿ. ಅದರ ಹಿಂದೆ, ನಾಲ್ಕು ಮಡಿಕೆ ಮಾಡಿ ಮೂರು ಪಿನ್ನು ಹೊಡೆದ, ಇಳಕಲ್ಲಿನ ಕಾಲೇಜಿನ ಪತ್ರವಿತ್ತು: ನಾಲ್ಕು ವಿಷಯಗಳಲ್ಲಿ ಫೇಲು, ತಂದೆಯವರನ್ನು ಕರೆತರಬೇಕು. ಮನೆಯಲ್ಲಿ ನಿನ್ನೆಯಷ್ಟೇ "ಎಲ್ಲಾದ್ರಾಗೂ ಪಾಸ್" ಎಂದಿದ್ದ. ಅಪ್ಪ ಮುರ್ತುಜಸಾಬ ಓಣಿಗೆಲ್ಲ ಪೇಢೆ ಹಂಚಿದ್ದ. ಬಟ್ಟೆ ಅಳೆಯುವ ಅಪ್ಪನ ಕಟ್ಟಿಗೆ ಪಟ್ಟಿಯ ಉದ್ದ ನವೀದನ ಬೆನ್ನಿಗೆ ಬಾಯಿಪಾಠ.

"ಯಾಕ ಹೆದರ್ತಿ? ಜನ ಒಳ್ಳೇವ್ರದಾರ. ಯಾರರ ನಿಮ್ಮ ಮನಿಗೇ ತಂದು ಮುಟ್ಟಸ್ತಾರ," ಎಂದಳು ಶಿವಬಸವ್ವ.

ನವೀದ ಮುಂದಿನ ಬಸ್ಸಿಗೆ ಓಡಿದ.

ಇಳಕಲ್ ಬಸ್‌ಸ್ಟ್ಯಾಂಡಿನ ಕಂಟ್ರೋಲರು ಕನ್ನಡಕ ಏರಿಸಿ ನೋಡಿದರು. "ಚೀಲ ಏನೋ ತಮ್ಮಾ? ಕಂಡಕ್ಟರ್ ತಂದು ಕೊಟ್ಟಿದ್ದ. ಹುನಗುಂದಕ್ಕ ಹೊಂಟವ್ರೊಬ್ರು ಪಾಸಿನ್ಯಾಗಿನ ಫೋಟೋ ನೋಡಿ, ಈ ಹುಡುಗ ನಮಗ ಗೊತ್ತು, ಮನಿಗೆ ಕೊಡ್ತೇವಿ ಅಂತ ಒಯ್ದ್ರು."

"ಒಳಗಿಂದು ತಗದು ನೋಡಿದ್ರೇನ್ರಿ?"

"ಅವ್ರ್ಯಾಕ ನೋಡ್ತಾರ? ಮರ್ಯಾದಸ್ತರು ಕಂಡ್ರು."

ಮರಳಿ ಬರುವಾಗ ಹಳೇ ಬಸ್ಸಿನ ಗಾಜಿಗಿಂತ ಅವನ ಹಲ್ಲುಗಳೇ ಹೆಚ್ಚು ಗಡಗಡಿಸಿದವು.

ಮನೆಯಲ್ಲಿ ಚೀಲ ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಜಿಪ್ ಎಳೆದ. ಪತ್ರ ಇತ್ತು. ಮೂರು ಪಿನ್ನೂ ಇದ್ದವು. ಅದನ್ನು ಅಂಗಿಯೊಳಗೆ ತುರುಕಿದಾಗ ಬೆಳಗಿನಿಂದ ಕಟ್ಟಿದ್ದ ಉಸಿರು ಹೊರಬಂತು.

"ಸಿಕ್ತಲ್ಲೋ ಚೀಲ?" ಅಪ್ಪ ಬಟ್ಟೆ ಕತ್ತರಿಸುತ್ತ ಕೇಳಿದ.

"ಹೂಂ ಅಬ್ಬಾ. ಪುಣ್ಯಕ್ಕ ಯಾರೋ ತಂದಾರ."

"ಯಾರೋ ಅಲ್ಲ, ನಿಮ್ಮ ಪ್ರಿನ್ಸಿಪಾಲ್ ಪದ್ಮಶ್ರೀ ಮೇಡಮ್ಮಾರು. ಭಾಳ ಚಲೋ ಮನಶ್ಯಾರು. ಚಹಾ ಕುಡದ್ರು. ನೀ ಪಾಸಾಗಿದ್ದಕ್ಕ ಅಂತ ಅವ್ರಿಗೂ ಪೇಢೆ ಕೊಟ್ಟೆ."

ಕತ್ತರಿ ನಿಂತಿತು. ಅಪ್ಪನ ಕೈ ಪಟ್ಟಿಯ ಮೇಲೆ ಬಂತು.

"ಪೇಢೆ ಬಾಯಾಗ ಇಡಲಿಲ್ಲ ಅವ್ರು. ನಾಳೆ ಮುಂಜಾನಿ ಹತ್ತಕ್ಕ ಇಬ್ರೂ ಬರ್ರಿ ಅಂದಾರ. ಒಂಬತ್ತರ ಬಸ್ಸಿಗೆ ಹೋಗೂಣು. ಸೀಟು ನಾ ಹಿಡೀತೇನಿ."