ಅಜ್ಜನ ಮುಖ ಯಾರ ಪಾಲಿಗೆ?

ಗೋಡೆಯ ಮೇಲಿನ ಹಿರಿಯರು ಮಾತನಾಡುವುದಿಲ್ಲ. ಅವರ ಪರವಾಗಿ ಮಾತನಾಡುವವರಿಗೆ ನಮ್ಮ ಮನೆತನದಲ್ಲಿ ಕೊರತೆಯಿಲ್ಲ. ಆದ್ದರಿಂದ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ.

ಆಳಂದದಲ್ಲಿರುವ ನನ್ನ ತಮ್ಮನ ಮಗ ತನ್ನ ಮಗಳಿಗೆ ಖಜೂರಿ ಊರಿನ ಸಂಬಂಧವೊಂದನ್ನು ಕುದುರಿಸುತ್ತಿದ್ದ. ಮಾತಿನ ಭರದಲ್ಲಿ ತನ್ನ ಮುತ್ತಜ್ಜನನ್ನು, ಅಂದರೆ ನನ್ನ ಅಜ್ಜನನ್ನು, ಸೀಮೆಗೇ ದೊಡ್ಡ ಮನುಷ್ಯನೆಂದು ಬಣ್ಣಿಸಿಬಿಟ್ಟಿದ್ದ. ಬೀಗರು ಮನೆ ನೋಡಲು ಬರುವುದರೊಳಗೆ ಆ ದೊಡ್ಡ ಮನುಷ್ಯ ಗೋಡೆಯ ಮೇಲೆ ಇರಲೇಬೇಕಿತ್ತು. ಗುರುತು ಹಿಡಿಯಲು ಸೋದರತ್ತೆಯಾದ ನನ್ನನ್ನು ಕರೆಸಿದ.

ಆಳಂದ

ದೇವರ ಕೋಣೆಯಲ್ಲಿ ಒಂದು ಹಳೆಯ ಪಟವಿತ್ತು. ಸೊಸೆಯಂದಿರು ನಿತ್ಯವೂ ಪೂಜೆಯ ನಂತರ ಗಾಜಿಗೆ ವಿಭೂತಿ ಹಚ್ಚುತ್ತ ಬಂದಿದ್ದರಿಂದ ಒಳಗಿನವರ ಮೀಸೆಯ ತುದಿಯಷ್ಟೇ ಹೊರಗುಳಿದಿತ್ತು.

ಮುತ್ತಜ್ಜ ಇವರೇ ಅಲ್ಲವೇ ಎಂದು ಸೋದರಳಿಯ ಕೇಳಿದ. ಮೊದಲು ಗಾಜು ಒರೆಸು ಎಂದೆ. ಒರೆಸಿ, ಚೌಕಟ್ಟು ಬಿಚ್ಚಿದಾಗ, ಅದರ ಮರೆಯಲ್ಲಿದ್ದ ಮರಾಠಿ ಅಕ್ಷರಗಳು ಕಾಣಿಸಿದವು. ಅವರು ಹಲ್ಲುಪುಡಿಯ ಜಾಹೀರಾತಿನ ಗೃಹಸ್ಥರು.

ತಮ್ಮನ ಹೆಂಡತಿ ಅವರನ್ನು ಮತ್ತೆ ಅದೇ ಮೊಳೆಗೆ ನೇತುಹಾಕಿದಳು. "ಇರ್ಲಿ ಬಿಡ್ರಿ ಅಕ್ಕಾರ, ಇಷ್ಟು ವರ್ಷ ಮನಿ ಕಾಯ್ದಾರ."

ಅಫಜಲಪುರ

ಅಫಜಲಪುರದಲ್ಲಿ ನನ್ನ ಚಿಕ್ಕಪ್ಪನ ಮಗನ ಬಳಿ ನಿಜವಾದ ಫೋಟೋ ಸಿಕ್ಕಿತು; ಆದರೆ ಅರ್ಧ. ನಿಂತವರ ಮುಖಗಳೆಲ್ಲ ಅಲುಗಾಡಿ ಮಸುಕಾಗಿದ್ದವು. ಕತ್ತರಿಸಿದ ಅಂಚಿನಲ್ಲಿ, ಮೊಣಕಾಲ ಮೇಲಿಟ್ಟ ಒಂದು ಕೈ ಮಾತ್ರ ಸ್ಪಷ್ಟವಾಗಿತ್ತು.

ಅಜ್ಜನ ಮಕ್ಕಳು ಪಾಲಾದಾಗ ಹೊಲ, ಎತ್ತು, ಹಂಡೆಗಳೊಂದಿಗೆ ಇದನ್ನೂ ನ್ಯಾಯವಾಗಿ ಹಂಚಿಕೊಂಡಿದ್ದರು. ಅಜ್ಜನ ಕೈ ಇವರಿಗೆ, ಮುಖ ಜೇವರ್ಗಿಯವರಿಗೆ. ನಮ್ಮ ಆಳಂದದ ಮನೆಗೆ ಬಂದದ್ದು ಚೌಕಟ್ಟು.

ಹಿರಿಯರಿಗೆ ಹೀಗೆ ಕತ್ತರಿ ಹಾಕಬಹುದೇ ಎಂದು ನಾನು ಆಕ್ಷೇಪಿಸಿದೆ. ಆತ ಹೆಮ್ಮೆಯಿಂದ ಅಂಚಿನ ಮೇಲೆ ಬೆರಳಾಡಿಸಿದ. "ಹೊಲದ ಬಾಂದಿಂದು ಇನ್ನೂ ತಕರಾರು ಅದರಿ ಅಕ್ಕಾ. ಇದು ನೋಡ್ರಿ, ಎಷ್ಟು ನೆಟ್ಟಗ ಅದ."

ಜೇವರ್ಗಿ

ಜೇವರ್ಗಿಯ ದಾಯಾದಿಗಳು ಮುಖವನ್ನು ಕೊಟ್ಟು ಕಳುಹಿಸಿದರು. ತಲೆಗೆ ರುಮಾಲು, ಹಣೆಗೆ ವಿಭೂತಿ, ಕೊರಳಿಗೆ ಮಾಲೆ, ನೆಟ್ಟ ನೋಟ. ಪಕ್ಕದಲ್ಲಿ ನಿಂತವರು ಇಲ್ಲೂ ಮಸುಕು. ಇವರು ಅಜ್ಜನೇ ಎಂದು ನಾನು ಖಚಿತಪಡಿಸಿದೆ. ಸೋದರಳಿಯ ಅದನ್ನು ಬಾಗಿಲಷ್ಟು ದೊಡ್ಡದು ಮಾಡಿಸಿ ಪಡಸಾಲೆಯಲ್ಲಿ ತೂಗುಹಾಕಿದ.

ಬೀಗರು ಬಂದರು. ಆ ಮಾಲೆ ಊರವರು ಮಾಡಿದ ಸನ್ಮಾನದ್ದೆಂದು ಅವನು ವಿವರಿಸಿದ. ಸುತ್ತಲಿನವರೆಲ್ಲ ಅಲುಗಾಡಿದರೂ ಮುತ್ತಜ್ಜ ರೆಪ್ಪೆ ಕೂಡ ಮಿಟುಕಿಸಿಲ್ಲ, ಅಂಥ ಸ್ಥಿರಚಿತ್ತ ಅವರದೆಂದ. ವರನ ಅಜ್ಜಿ ಕನ್ನಡಕ ಏರಿಸಿಕೊಂಡು ಹತ್ತಿರ ಹೋದರು.

"ಅವರು ಹ್ಯಾಂಗ ಅಳ್ಳಾಡ್ತಾರಪಾ? ಇದು ಮಣ್ಣಿನ ದಿನದ ಫೋಟೋ."

ನಮ್ಮಲ್ಲಿ ತೀರಿಕೊಂಡವರನ್ನು ಶೃಂಗರಿಸಿ ಕುಳ್ಳಿರಿಸುತ್ತಾರೆ. ಮಣ್ಣು ಮಾಡುವ ಮೊದಲು ಫೋಟೋ ತೆಗೆಸುವುದೂ ಉಂಟು. ಸಂಬಂಧ ಮುರಿದೇ ಹೋಯಿತೆಂದುಕೊಂಡು ಸೋದರಳಿಯ ನನ್ನತ್ತ ತಿರುಗಿದ.

"ನೀ ಗುರುತು ಕೇಳಿದಿ, ಹೇಳಿದೆ," ಎಂದೆ. "ಉಸಿರಿನ ವಿಷಯ ಕೇಳಲಿಲ್ಲ."

ಅಜ್ಜಿ ಕನ್ನಡಕ ಮಡಚಿ ತಮ್ಮ ಜಾಗಕ್ಕೆ ಬಂದು ಕುಳಿತರು. "ಇರ್ಲಿ ಬಿಡ್ರಿ. ನಮ್ಮನಿ ಗ್ವಾಡಿ ಮ್ಯಾಲೂ ನಮ್ಮ ಮಾವನವರು ಹಿಂಗ ಕುಂತಾರ. ಬೀಗರು ಜೋಡಿ ಚಲೋ ಆತು. ಸಕ್ಕರಿ ತರ್ರಿ, ಮಾತು ಪಕ್ಕಾ ಮಾಡೋಣು."